ಹೊಟ್ಟೆಯಲ್ಲಿ ಕೂಸು ಇರುವಾಗಲೇ ಕ್ಯಾನ್ಸರ್: ಮಗುವಿಗೆ ಪೆಟ್ಟು ಕೊಡುವುದು ಔಷಧವೋ, ಅವಸರವೋ?

ಗಂಗಾವತಿಯಲ್ಲಿ ಯಾರ ಮದುವೆಗೆ ಹೋದರೂ ಅಷ್ಟೇ. ಯಾರಾದರೂ ಒಬ್ಬರು ನನ್ನ ತಂಗಿಯನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ ಕೇಳುತ್ತಾರೆ. "ಕೂಸಿನ ತಲಿ ಎಲ್ಲಾ ಸರಿ ಐತಲ್ಲವ್ವ?" ಕೂಸು ಅಲ್ಲೇ ಪೆಂಡಾಲಿನ ಕಂಬ ಹಿಡಿದು ಗಿರಗಿರ ಸುತ್ತುತ್ತಿರುತ್ತದೆ. ನಾಲ್ಕೂವರೆ ವರ್ಷ ಅವಳಿಗೆ. ತನ್ನ ವಿಷಯವೇ ಮಾತಾಡುತ್ತಿದ್ದಾರೆ ಅಂತ ಗೊತ್ತಾಗಿ ಸುತ್ತುವುದನ್ನು ನಿಲ್ಲಿಸಿ ನೋಡುತ್ತಾಳೆ.

ಕೇಳುವವರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಭಯ ಇದೆ. ತಂಗಿ ಬಸುರಿ ಇದ್ದಾಗ ಅವಳಿಗೆ ಸ್ತನ ಕ್ಯಾನ್ಸರ್ ಬಂತು, ಮಗು ಹೊಟ್ಟೆಯಲ್ಲಿ ಇರುವಾಗಲೇ ನಾಲ್ಕು ಸಲ ಕೀಮೋ ಕೊಟ್ಟರು ಅನ್ನುವುದು ಊರಿಗೆಲ್ಲ ಗೊತ್ತು. ಕೂದಲು ಉದುರಿಸುವ, ವಾಂತಿ ತರಿಸುವ ಆ ಔಷಧ ಕೂಸಿನ ಮಿದುಳನ್ನು ಸುಮ್ನೆ ಬಿಟ್ಟಿರುತ್ತಾ? ನನಗೂ ಆಗ ಇದೇ ಪ್ರಶ್ನೆ ಇತ್ತು. ಉತ್ತರ ಹುಡುಕುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ನಾವೆಲ್ಲ ಹೆದರಬೇಕಾದ ಜಾಗ ಬಿಟ್ಟು ಬೇರೆ ಕಡೆ ಹೆದರುತ್ತಿದ್ದೇವೆ. ಆ ತಪ್ಪು ಹೆದರಿಕೆಯಿಂದ ತಾಯಿಗೂ ಮಗುವಿಗೂ ಇಬ್ಬರಿಗೂ ನಷ್ಟ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಾಲ್ಕನೇ ತಿಂಗಳಲ್ಲಿ ಸ್ನಾನ ಮಾಡುವಾಗ ಎಡಗಡೆ ಮೊಲೆಯಲ್ಲಿ ಒಂದು ಗಂಟು ಅವಳ ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟು. ಒತ್ತಿದರೆ ನೋವಿಲ್ಲ. ಅತ್ತೆಗೆ ಹೇಳಿದಳು. "ಹಾಲಿನ ಗಂಟು ಇರಬೇಕು ಬಿಡವ್ವ, ಹಡದ ಮ್ಯಾಲೆ ತಾನ ಕರಗತೈತಿ" ಅಂದರು. ತೋರಿಸಲು ಹೋದ ಕ್ಲಿನಿಕ್ಕಿನಲ್ಲೂ ಅದೇ ಮಾತು, ಮುಟ್ಟಿ ಕೂಡ ನೋಡಲಿಲ್ಲ. ಹೀಗೆ ಆರು ವಾರ ಹೋಯಿತು. ಕುಬುಸದ ದಿನ ಹೊಸ ಕುಪ್ಪಸ ತೊಡಿಸುವಾಗ ನನ್ನ ಕೈಗೇ ತಾಗಿತು. ಆಗ ಅದು ಅಡಿಕೆಗಿಂತ ದೊಡ್ಡದಾಗಿತ್ತು. ಮಾರನೇ ದಿನವೇ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ತುಣುಕು ತೆಗೆದರು. ರಿಪೋರ್ಟ್ ಬಂದಾಗ ಅವಳಿಗೆ 22 ವಾರ.

ಈ "ಹಾಲಿನ ಗಂಟು" ಅನ್ನುವ ಮಾತು ನಮ್ಮ ಮನೆಯದು ಮಾತ್ರ ಅಲ್ಲ. ಬಸಿರಿನಲ್ಲಿ ಮೊಲೆ ದಪ್ಪ ಆಗುತ್ತದೆ, ಗಟ್ಟಿ ಆಗುತ್ತದೆ. ಅದರ ನಡುವೆ ಗಂಟು ಅಡಗಿ ಕೂರುತ್ತದೆ. ಸುಸ್ತು, ವಾಂತಿ, ರಕ್ತ ಕಡಿಮೆ ಆಗುವುದು, ಎಲ್ಲವೂ ಬಸಿರಿನ ಲೆಕ್ಕಕ್ಕೇ ಹೋಗುತ್ತದೆ. ಸರಿಸುಮಾರು ಸಾವಿರ ಬಸುರಿಯರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣಿಸುತ್ತದೆ ಅಂತ ವೈದ್ಯರು ಲೆಕ್ಕ ಹೇಳುತ್ತಾರೆ. ಸ್ತನದ್ದು, ಗರ್ಭಕೊರಳಿನದ್ದು, ರಕ್ತದ್ದು, ಲಿಂಫೋಮಾ ಅನ್ನುವ ದುಗ್ಧಗ್ರಂಥಿಯದ್ದು ಇವೇ ಜಾಸ್ತಿ. ಅಪರೂಪ ಅನ್ನಿಸಬಹುದು. ಆದರೆ ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಸಾವಿರ ಹೆರಿಗೆ ಆಗುತ್ತವೆ ಅಂತ ಯೋಚಿಸಿ ನೋಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಪ್ರತಿ ವರ್ಷ ಇಂಥ ತಾಯಂದಿರು ಇರಲೇಬೇಕು, ಅಲ್ವಾ?

ರಿಪೋರ್ಟ್ ಬಂದ ವಾರದಲ್ಲಿ ನಮಗೆ ಮೂರು ಸಲಹೆ ಸಿಕ್ಕವು. ಒಂದು, ಗರ್ಭ ತೆಗೆಸಿಬಿಡಿ. ಎರಡು, ಹೆರಿಗೆ ಆಗುವವರೆಗೂ ಏನೂ ಮುಟ್ಟಬೇಡಿ, ಆಮೇಲೆ ನೋಡೋಣ. ಮೂರನೆಯದು ಒಬ್ಬ ಡಾಕ್ಟರೇ ಹೇಳಿದ್ದು: ಏಳು ತಿಂಗಳು ತುಂಬುತ್ತಿದ್ದ ಹಾಗೆ ಆಪರೇಷನ್ ಮಾಡಿ ಮಗುವನ್ನು ಹೊರಗೆ ತೆಗೆಯೋಣ, ಗಾಜಿನ ಪೆಟ್ಟಿಗೆಯಲ್ಲಿ ಇಡೋಣ, ಆಮೇಲೆ ತಾಯಿಗೆ ಕೀಮೋ ಶುರು ಮಾಡೋಣ. ಕೇಳಲು ಇದೇ ಬಹಳ ಸರಿ ಅನ್ನಿಸಿತ್ತು. ಮಗು ಔಷಧದಿಂದ ಪಾರಾಗುತ್ತದೆ, ತಾಯಿಗೂ ಔಷಧ ಸಿಗುತ್ತದೆ. ನಾವು ಹೆಚ್ಚುಕಡಿಮೆ ಒಪ್ಪಿಕೊಂಡೇಬಿಟ್ಟಿದ್ದೆವು.

ಇನ್ನೊಂದು ಮಾತು ಕೇಳೋಣ ಅಂತ ಗದಗ ದಾಟಿ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಮೇಡಂ ಹೇಳಿದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಈಗಲೇ ಕೀಮೋ ಶುರು ಮಾಡೋಣ, ಮಗು ಹೊಟ್ಟೆಯಲ್ಲೇ ಇರಲಿ, ಆದಷ್ಟು ದಿನ ಇರಲಿ ಅಂದರು. ತಂಗಿಯ ಗಂಡ ಕುರ್ಚಿಯಿಂದ ಎದ್ದೇ ನಿಂತರು. "ಮಗುವಿಗೆ ವಿಷ ಹಾಕ್ತೀರೇನ್ರಿ?" ಅಂದರು.

ವಿಷ ಅನ್ನುವ ಆ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ಮೂರು ತಿಂಗಳ ಮಟ್ಟಿಗೆ ಅದು ನಿಜವೇ. ಆಗ ಕೂಸಿನ ಹೃದಯ, ಕೈಕಾಲು, ಬೆನ್ನುಹುರಿ ಎಲ್ಲ ಮೂಡುತ್ತಿರುತ್ತವೆ. ಆ ಹೊತ್ತಿನಲ್ಲಿ ಕೀಮೋ ಬಿದ್ದರೆ ಗರ್ಭ ಇಳಿದು ಹೋಗಬಹುದು, ಅಂಗ ಊನ ಆಗಬಹುದು. ಅದಕ್ಕೇ ಆಗ ಕೊಡುವುದಿಲ್ಲ. 12ರಿಂದ 14 ವಾರ ದಾಟಿದ ಮೇಲೆ ಲೆಕ್ಕ ಬೇರೆ. ಅಂಗಗಳು ಮೂಡಿ ಆಗಿರುತ್ತವೆ, ಇನ್ನು ಬೆಳೆಯುವ ಕೆಲಸ. ಜೊತೆಗೆ ಮಾಸು ಇದೆ, ನಮ್ಮ ಕಡೆ ಕಸ ಅಂತಾರಲ್ಲ, ಅದು. ತಾಯಿಯ ರಕ್ತದಲ್ಲಿ ಇರುವುದನ್ನೆಲ್ಲ ಅದು ಹಾಗೇ ಕೂಸಿಗೆ ದಾಟಿಸುವುದಿಲ್ಲ. ಸ್ತನ ಕ್ಯಾನ್ಸರ್‌ಗೆ ಜಾಸ್ತಿ ಬಳಸುವ ಕೆಲವು ಕೀಮೋ ಔಷಧಗಳು ಮಾಸು ದಾಟಿ ಹೋಗುವುದು ಸ್ವಲ್ಪ ಭಾಗ ಮಾತ್ರ.

ಹಾಗಂತ ಎಲ್ಲ ಔಷಧಕ್ಕೂ ಈ ಮಾತು ಅನ್ವಯ ಆಗುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಮೆಥೋಟ್ರೆಕ್ಸೇಟ್ ಬಸಿರಿನಲ್ಲಿ ಬೇಡವೇ ಬೇಡ. ಟ್ರಾಸ್ಟುಜುಮ್ಯಾಬ್ ಕೊಟ್ಟರೆ ಮಗುವಿನ ಸುತ್ತಲಿನ ನೀರು ಕಡಿಮೆ ಆಗುತ್ತದೆ, ಅದನ್ನು ಹೆರಿಗೆ ಆದ ಮೇಲೆ ಕೊಡುತ್ತಾರೆ. ಟಮಾಕ್ಸಿಫೆನ್ ಮಾತ್ರೆಯೂ ಹಾಗೇ. ಸಿಸ್‌ಪ್ಲಾಟಿನ್ ಮಗುವಿನ ಕಿವಿಗೆ ತೊಂದರೆ ಮಾಡಬಹುದು. ನಮ್ಮ ಜನ ಕರೆಂಟ್ ಕೊಡುವುದು ಅನ್ನುವ ರೇಡಿಯೇಷನ್ ಅನ್ನು ಸಾಮಾನ್ಯವಾಗಿ ಹೆರಿಗೆ ಆಗುವವರೆಗೆ ಮುಂದಕ್ಕೆ ಹಾಕುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ಆದರೆ ಪರಿಸ್ಥಿತಿ ಇನ್ನೂ ಕಷ್ಟ, ಕಾಯಿಲೆ ಇರುವುದೇ ಕೂಸಿನ ಬಾಗಿಲಲ್ಲಿ. ಎಲ್ಲ ಸಲವೂ ಇಬ್ಬರನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ.

ಈಗ ಮಕ್ಕಳ ಬೆಳವಣಿಗೆಗೆ ಬರೋಣ. ಇದನ್ನು ಬಹಳ ವರ್ಷದಿಂದ ಬೆನ್ನು ಹತ್ತಿದವರು ಬೆಲ್ಜಿಯಂ ದೇಶದ ಲೂವೆನ್‌ನ ಡಾಕ್ಟರ್ ಫ್ರೆಡೆರಿಕ್ ಅಮಾಂಟ್ ಮತ್ತು ಅವರ ಜೊತೆಗಾರರು. 2012ರಲ್ಲಿ ಅವರು, ಹೊಟ್ಟೆಯಲ್ಲಿ ಇದ್ದಾಗ ಕೀಮೋ ಕಂಡ 70 ಮಕ್ಕಳ ವರದಿ ಹೊರತಂದರು. ಒಂದೂವರೆ ವರ್ಷದವರಿಂದ ಹಿಡಿದು 18 ವರ್ಷದವರ ತನಕ ಅದರಲ್ಲಿ ಇದ್ದರು. ಹೆಚ್ಚಿನವರ ಬುದ್ಧಿ ಬೆಳವಣಿಗೆ, ಹೃದಯ, ಕಿವಿ ಎಲ್ಲ ಬೇರೆ ಮಕ್ಕಳ ಹಾಗೇ ಇದ್ದವು. ಆದರೆ ಒಂದು ವಿಷಯ ಎದ್ದು ಕಂಡಿತು. 70ರಲ್ಲಿ 47 ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದ್ದರು. ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಮುಖ್ಯವಾಗಿ ಈ ಬೇಗ ಹುಟ್ಟಿದವರೇ. ಹೊಟ್ಟೆಯಲ್ಲಿ ಒಂದು ತಿಂಗಳು ಜಾಸ್ತಿ ಇದ್ದ ಮಗುವಿನ ಐಕ್ಯೂ ಸರಾಸರಿ 11.6 ಅಂಕ ಜಾಸ್ತಿ ಇತ್ತು.

ನಾನು ಇದನ್ನು ಮೊದಲ ಸಲ ಓದಿದಾಗ ಅಲ್ಲೇ ನಿಂತೆ. ನಮಗೆ ಮೂರನೇ ಸಲಹೆ ಕೊಟ್ಟಿದ್ದರಲ್ಲ, ಏಳು ತಿಂಗಳಿಗೆ ತೆಗೆದುಬಿಡೋಣ ಅಂತ, ಅದನ್ನು ಒಪ್ಪಿದ್ದರೆ ಮಗುವನ್ನು ಔಷಧದಿಂದ ತಪ್ಪಿಸಲು ಹೋಗಿ ಎರಡು ತಿಂಗಳ ಬೆಳವಣಿಗೆಯನ್ನೇ ಕಿತ್ತುಕೊಂಡಂತೆ ಆಗುತ್ತಿತ್ತು.

2015ರಲ್ಲಿ ಅದೇ ತಂಡ ಇನ್ನೂ ಗಟ್ಟಿಯಾದ ಕೆಲಸ ಮಾಡಿತು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಇಟಲಿ, ಜೆಕ್ ದೇಶದ 129 ಮಕ್ಕಳನ್ನು ತೆಗೆದುಕೊಂಡು, ಪ್ರತಿ ಮಗುವಿಗೂ ಅಷ್ಟೇ ವಾರಕ್ಕೆ ಹುಟ್ಟಿದ, ಆರೋಗ್ಯವಂತ ತಾಯಿಯ ಮಗುವೊಂದನ್ನು ಜೋಡಿ ಮಾಡಿ ಅಳೆದರು. ಇದು ಯಾಕೆ ಮುಖ್ಯ ಅಂದರೆ, 34 ವಾರಕ್ಕೆ ಹುಟ್ಟಿದ ಮಗುವನ್ನು ಪೂರ್ತಿ ದಿನ ತುಂಬಿ ಹುಟ್ಟಿದ ಮಗುವಿನ ಪಕ್ಕ ನಿಲ್ಲಿಸಿದರೆ ಬೇಗ ಹುಟ್ಟಿದ್ದರ ತಪ್ಪು ಕೂಡ ಕೀಮೋ ತಲೆ ಮೇಲೆ ಬೀಳುತ್ತದೆ. 129ರಲ್ಲಿ 96 ಮಕ್ಕಳು ಹೊಟ್ಟೆಯಲ್ಲಿ ಕೀಮೋ ಕಂಡವರು. ಪರೀಕ್ಷೆ ಮಾಡುವಾಗ ಮಕ್ಕಳಿಗೆ ಹೆಚ್ಚುಕಡಿಮೆ ಎರಡು ವರ್ಷ. ಬುದ್ಧಿ ಬೆಳವಣಿಗೆಯಲ್ಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಮೂರು ವರ್ಷಕ್ಕೆ ಹೃದಯ ಪರೀಕ್ಷೆ ಆದ 47 ಮಕ್ಕಳಲ್ಲೂ ಹೃದಯ ಸರಿಯಾಗಿತ್ತು. ಬೇಗ ಹುಟ್ಟಿದಷ್ಟೂ ಅಂಕ ಕಡಿಮೆ ಅನ್ನುವುದು ಮಾತ್ರ ಎರಡೂ ಗುಂಪಿನಲ್ಲಿ ಕಂಡಿತು, ತಾಯಿಗೆ ಕ್ಯಾನ್ಸರ್ ಇರಲಿ ಇಲ್ಲದಿರಲಿ.

ಏನೂ ವ್ಯತ್ಯಾಸವೇ ಇಲ್ಲ ಅಂತ ಹೇಳಿ ಮುಗಿಸಿದರೆ ತಪ್ಪಾಗುತ್ತದೆ. ಹುಟ್ಟುವಾಗ ವಾರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು ಕ್ಯಾನ್ಸರ್ ತಾಯಂದಿರಲ್ಲಿ ನೂರಕ್ಕೆ 22, ಇನ್ನೊಂದು ಗುಂಪಿನಲ್ಲಿ 15 ಇದ್ದರು. 2020ರಲ್ಲಿ ಆರು ವರ್ಷದ 132 ಮಕ್ಕಳ ವರದಿ ಬಂತು. ಒಟ್ಟಾರೆ ಬುದ್ಧಿಮಟ್ಟ ಸಮ ಇತ್ತು, ಆದರೆ ಮಾತಿಗೆ ಸಂಬಂಧಪಟ್ಟ ಅಂಕ ಈ ಮಕ್ಕಳಲ್ಲಿ ಸ್ವಲ್ಪ ಕಡಿಮೆ. ಸಾಮಾನ್ಯ ಮಟ್ಟದ ಒಳಗೇ ಇತ್ತು, ಆದರೂ ಕಡಿಮೆ. ಆ ವ್ಯತ್ಯಾಸಕ್ಕೆ ಔಷಧ ಒಂದೇ ಕಾರಣ ಅಂತ ಯಾರೂ ಹೇಳಲಾರರು. ಮಗುವಿನ ಮೊದಲ ವರ್ಷ ಪೂರ್ತಿ ತಾಯಿ ಆಸ್ಪತ್ರೆಗೆ ಓಡಾಡುತ್ತಾ, ಸುಸ್ತಾಗಿ ಗೋಡೆ ಕಡೆ ಮುಖ ಮಾಡಿ ಮಲಗುವ ಮನೆಯಲ್ಲಿ ಮಗುವಿನ ಜೊತೆ ಮಾತಾಡುವವರು ಯಾರು? ನನ್ನ ಮಟ್ಟಿಗೆ ಇದು ಔಷಧದಷ್ಟೇ ದೊಡ್ಡ ವಿಷಯ.

ಕೊನೆಯ ವಾರಗಳಿಗೆ ಯಾಕಿಷ್ಟು ಬೆಲೆ? 35 ವಾರಕ್ಕೆ ಮಗುವಿನ ಮಿದುಳಿನ ತೂಕ, ದಿನ ತುಂಬಿದಾಗ ಇರುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ಅಂದರೆ ಉಳಿದ ಒಂದು ಪಾಲು ಬೆಳೆಯುವುದು ಕೊನೆಯ ನಾಲ್ಕೈದು ವಾರದಲ್ಲಿ. ಭತ್ತ ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆನೆ ಬಂತು ಅಂತ ಹಾಲುಗಾಳು ಇರುವಾಗಲೇ ಯಾರೂ ಕೊಯ್ಯುವುದಿಲ್ಲ.

ತಂಗಿಗೆ 23ನೇ ವಾರ ಮೊದಲ ಕೀಮೋ. ಮೂರು ವಾರಕ್ಕೊಂದರ ಹಾಗೆ 32ನೇ ವಾರಕ್ಕೆ ನಾಲ್ಕನೆಯದು. ಪ್ರತಿ ಸಲವೂ ಮಗುವಿನ ಸ್ಕ್ಯಾನಿಂಗ್, ತೂಕ ಏರುತ್ತಿದೆಯಾ, ನೀರು ಸರಿ ಇದೆಯಾ ಅಂತ. ಕೊನೆಯ ಕೀಮೋಗೂ ಹೆರಿಗೆಗೂ ನಡುವೆ ಮೂರು ವಾರ ಇರಬೇಕು ಅಂದಿದ್ದರು. ಕೀಮೋ ಆದ ಮೇಲೆ ರಕ್ತಕಣಗಳು ಇಳಿಯುತ್ತವೆ, ಆಗಲೇ ಹೆರಿಗೆ ಆದರೆ ತಾಯಿಗೆ ರಕ್ತಸ್ರಾವ, ಇಬ್ಬರಿಗೂ ಸೋಂಕು ಆಗುವ ಭಯ. 35ನೇ ವಾರ ಅವಳಿಗೆ ನೀರು ಹೋಯಿತು. ಮಗು ಎರಡು ಕೆಜಿ ನೂರು ಗ್ರಾಂ. ಹುಟ್ಟಿದ ಕೂಡಲೇ ಅತ್ತಳು. ತಲೆ ತುಂಬಾ ಕೂದಲು ಇತ್ತು, ತಾಯಿಯ ತಲೆ ಬೋಳು. ಅತ್ತೆ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಹುಬ್ಬಳ್ಳಿ ತನಕ ಹೋಗಲು ಆಗದಿದ್ದರೆ? ನಮ್ಮ ಭಾಗದ ದೊಡ್ಡ ಕಷ್ಟ ಇದೇ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಆದರೆ ಈ ಕಾಯಿಲೆಗೆ ಕ್ಯಾನ್ಸರ್ ಡಾಕ್ಟರ್, ಹೆರಿಗೆ ಡಾಕ್ಟರ್, ನವಜಾತ ಶಿಶುವಿನ ಡಾಕ್ಟರ್ ಮೂವರೂ ಒಂದೇ ಟೇಬಲ್ಲಿಗೆ ಕೂರಬೇಕು. ಅದಕ್ಕಾಗಿ ನಮ್ಮ ಜನ ಹುಬ್ಬಳ್ಳಿಗೋ, ಕಲಬುರಗಿಗೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ರಾಯಚೂರಿನವರು ಹೈದರಾಬಾದಿಗೋ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗೆ ಸರ್ಕಾರಿ ಬಸ್ ಚಾರ್ಜೂ ಇಲ್ಲ. ಆದರೆ ಜೊತೆಗೆ ಬರುವ ಗಂಡಸಿನ ಕೂಲಿ, ಊಟ, ರಾತ್ರಿ ಉಳಿಯುವ ಜಾಗ ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಎಮ್ಮೆ ಮಾರಿದರು.

ಇದರ ಜೊತೆ ಹೆದರಿಕೆ ಬೇರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ನಮ್ಮ ಊರುಗಳಲ್ಲಿ ಬಸುರಿಯರು ಒಂದು ಸಲೈನ್ ಬಾಟಲಿ ಹಚ್ಚಿಸಿಕೊಳ್ಳಲೂ ಹಿಂದೆ ಮುಂದೆ ನೋಡಿದರು. ಅಂಥ ಕಡೆ ಬಸುರಿಗೆ ಕೀಮೋ ಅಂದರೆ ಯಾರು ಒಪ್ಪುತ್ತಾರೆ? ನಾವು ಒಪ್ಪಲು ಕಾರಣ ಇಷ್ಟೇ. ಆ ಮೇಡಂ ಒಂದು ಗಂಟೆ ಕೂತು, ಕಾಗದದ ಮೇಲೆ ವಾರಗಳನ್ನು ಬರೆದು, ಯಾವ ವಾರ ಏನು ಕೊಡುತ್ತೇವೆ, ಯಾಕೆ ಅಂತ ತಂಗಿಗೇ ತಿಳಿಸಿ ಹೇಳಿದರು. ಗಂಡನಿಗಲ್ಲ, ಮಾವನಿಗಲ್ಲ, ಅವಳಿಗೆ.

ಗರ್ಭ ತೆಗೆಸುವ ವಿಷಯಕ್ಕೂ ಒಂದು ಮಾತು. ಕೆಲವರಿಗೆ ಅದೇ ಸರಿಯಾದ ದಾರಿ ಇರಬಹುದು. ಬಸಿರಿನ ಮೊದಲ ವಾರಗಳಲ್ಲೇ ರಕ್ತದ ಕ್ಯಾನ್ಸರ್ ಕಂಡರೆ ಔಷಧಕ್ಕೆ ಕಾಯಲು ಆಗುವುದಿಲ್ಲ. 2021ರ ತಿದ್ದುಪಡಿ ಆದ ಮೇಲೆ ಕಾನೂನು 20 ವಾರದ ತನಕ ಒಬ್ಬ ಡಾಕ್ಟರ್, ಕೆಲವು ಗುಂಪಿನ ಹೆಂಗಸರಿಗೆ 24 ವಾರದ ತನಕ ಇಬ್ಬರು ಡಾಕ್ಟರ್ ಒಪ್ಪಿದರೆ ಅವಕಾಶ ಕೊಡುತ್ತದೆ. ತಾಯಿಯ ಜೀವಕ್ಕೇ ಕುತ್ತು ಬಂದರೆ ವಾರಗಳ ಮಿತಿ ಅಡ್ಡ ಬರುವುದಿಲ್ಲ. ಆದರೆ ಸ್ತನ ಕ್ಯಾನ್ಸರ್‌ನಲ್ಲಿ ಗರ್ಭ ತೆಗೆಸಿದ್ದಕ್ಕೇ ಕಾಯಿಲೆ ಹಿಡಿತಕ್ಕೆ ಬರುವುದಿಲ್ಲ. ಇದನ್ನು ತಿಳಿಸದೆ "ತೆಗೆಸಿದರೆ ನೀನು ಉಳೀತಿ" ಅಂತ ಹೇಳಿ ಒಪ್ಪಿಸುವುದು ಅನ್ಯಾಯ.

ಹುಟ್ಟಿದ ಮೇಲಿನ ಕಥೆ ಯಾರೂ ಹೇಳುವುದಿಲ್ಲ. ಮಗು ಹುಟ್ಟಿ ಹತ್ತು ದಿನಕ್ಕೆ ತಂಗಿಯ ಚಿಕಿತ್ಸೆ ಮತ್ತೆ ಶುರುವಾಯಿತು. ಕೀಮೋ ನಡೆಯುವಾಗ ಎದೆಹಾಲು ಕೊಡುವಂತಿಲ್ಲ. ಪುಡಿ ಹಾಲು, ಒಳಲೆ, ಕುದಿಸಿ ಆರಿಸಿದ ನೀರು. ನಮ್ಮವ್ವ ಒಳಲೆಯಿಂದ ಒಂದೊಂದೇ ಗುಟುಕು ಹಾಕುತ್ತಾ ಮಗುವಿನ ಜೊತೆ ದಿನವಿಡೀ ಮಾತಾಡುತ್ತಿದ್ದಳು. "ಬಾ ನನ ಬಂಗಾರಿ, ನಿಮ್ಮವ್ವ ಸೂಜಿ ಮಾಡಿಸ್ಕೊಂಡು ಬರ್ತಾಳ, ಬರುವಾಗ ನಿನಗ ಗಿಲಕಿ ತರ್ತಾಳ." ಮಗುವಿಗೆ ಏನು ತಿಳಿಯುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಮಾತು ಕಲಿಯುವುದು ಮಾತು ಕೇಳಿಯೇ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಮಗುವಿಗೆ ಹದಿನಾಲ್ಕು ತಿಂಗಳಾದಾಗ ನಮಗೆ ಮತ್ತೆ ಗಾಬರಿ. ಪಕ್ಕದ ಮನೆಯಲ್ಲಿ ಅದೇ ವಾರ ಹುಟ್ಟಿದ ಹುಡುಗ ಓಣಿ ತುಂಬಾ ಓಡಾಡುತ್ತಿದ್ದ. ಇವಳು ಗೋಡೆ ಹಿಡಿದು ನಿಲ್ಲುವುದು ಅಷ್ಟೇ. "ನೋಡ್ರಿ, ನಾ ಹೇಳಿದ್ನಲ್ಲ" ಅಂದವರೂ ಇದ್ದರು. ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರ್ ತಾಯಿ ಕಾರ್ಡ್ ಕೇಳಿ ತೆಗೆದುಕೊಂಡರು. ಹಿಂಬದಿಯಲ್ಲಿ ಎರಡು ತಾರೀಖು ಬರೆದರು, ಹುಟ್ಟಿದ್ದು ಒಂದು, ಹುಟ್ಟಬೇಕಾಗಿದ್ದದ್ದು ಒಂದು. ನಡುವೆ ಗೆರೆ ಎಳೆದು 5 ವಾರ ಅಂತ ಬರೆದರು. "ಈ ಮಗು ಐದು ವಾರ ಮುಂಚೆ ಬಂದಿದೆ. ಹಂಗಾಗಿ ಇವಳಿಗೆ ಈಗ ಹದಿಮೂರು ತಿಂಗಳೂ ತುಂಬಿಲ್ಲ ಅಂತ ಲೆಕ್ಕ ಹಾಕಬೇಕು. ಎರಡು ವರ್ಷದ ತನಕ ಹಿಂಗೇ ಕಳೆದು ನೋಡ್ರಿ. ಹದಿನೆಂಟು ತಿಂಗಳಾದರೂ ನಡೀಲಿಲ್ಲ ಅಂದ್ರೆ ಬರ್ರಿ." ಹದಿನೈದನೇ ತಿಂಗಳಿಗೆ ನಡೆದಳು.

ಎಷ್ಟು ಮನೆಗಳಲ್ಲಿ ಈ ಕಳೆಯುವ ಲೆಕ್ಕ ಗೊತ್ತಿಲ್ಲದೆ ಸುಮ್ನೆ ಅಳುತ್ತಾರೋ.

ನಮಗೆ ಆ ಡಾಕ್ಟರ್ ಸಿಕ್ಕಿದ್ದು ಅದೃಷ್ಟ. ಮಗುವಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ಕೀಮೋ ಅನ್ನುವ ಪದವೇ ಇರಲಿಲ್ಲ. ತಾಯಿಯ ಫೈಲು ಒಂದು ಆಸ್ಪತ್ರೆಯಲ್ಲಿ, ಮಗುವಿನದು ಇನ್ನೊಂದು ಕಡೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ. ಹಾಗಾಗಿ ಈ ಮಗುವಿನ ಕಿವಿ ನೋಡಬೇಕು, ಹೃದಯದ ಎಕೋ ಮಾಡಿಸಬೇಕು, ಮಾತಿನ ಮೇಲೆ ಕಣ್ಣಿಡಬೇಕು ಅಂತ ಬರೆದುಕೊಟ್ಟವರೂ ಇಲ್ಲ.

ಇದಕ್ಕೆ ಹೊಸದಾಗಿ ಏನೂ ಕಟ್ಟಬೇಕಿಲ್ಲ ಅನ್ನುವುದೇ ನನ್ನ ಸಂಕಟ. ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೆ ಆಶಾ ಅಕ್ಕ 42 ದಿನದೊಳಗೆ ಆರು ಸಲ ಬರಬೇಕು, ಆಮೇಲೆ 15 ತಿಂಗಳ ತನಕ ಮೂರು ತಿಂಗಳಿಗೊಮ್ಮೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಬೆಳವಣಿಗೆ ತಡ ಆಗುವುದನ್ನು ಹುಡುಕುವುದು ಅದರ ನಾಲ್ಕು ಮುಖ್ಯ ಕೆಲಸಗಳಲ್ಲಿ ಒಂದು. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯೂ ಅದರಲ್ಲೇ ಇದೆ. ಹೆರಿಗೆ ಮಾಡಿಸಿದವರು ತಾಯಿ ಕಾರ್ಡಿನ ಮೇಲೆ ಒಂದೇ ಒಂದು ಸಾಲು ಬರೆದರೆ ಸಾಕು: ತಾಯಿಗೆ ಬಸಿರಿನಲ್ಲಿ ಕೀಮೋ ಆಗಿದೆ, ಈ ಈ ಔಷಧ, ಇಷ್ಟನೇ ವಾರಕ್ಕೆ ಹೆರಿಗೆ. ಆ ಸಾಲು ಓದಿದ ಆಶಾ ಅಕ್ಕ, ಅಂಗನವಾಡಿ ಟೀಚರ್, ಮಕ್ಕಳ ಡಾಕ್ಟರ್ ಏನು ನೋಡಬೇಕೋ ಅದನ್ನೇ ನೋಡುತ್ತಾರೆ. ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.

ಮೊದಲ ಗಂಟಿಗೂ ಇದೇ ಮಾತು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಬಿಪಿ, ರಕ್ತ, ತೂಕ, ಹೊಟ್ಟೆ ಎಲ್ಲ ನೋಡುತ್ತಾರೆ. ಅದರ ಜೊತೆ ಎರಡು ನಿಮಿಷ ಮೊಲೆ ಮುಟ್ಟಿ ನೋಡಿದ್ದರೆ ನಮ್ಮ ಆರು ವಾರ ಉಳಿಯುತ್ತಿತ್ತು. ಗಂಟು ಎರಡು ವಾರಕ್ಕೂ ಹೋಗದಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿ. ಅದರಿಂದ ಮಗುವಿಗೆ ಏನೂ ಆಗುವುದಿಲ್ಲ, ಸೂಜಿ ಹಾಕಿ ತುಣುಕು ತೆಗೆಯುವುದರಿಂದಲೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನೂ ಜನ ಕೇಳುತ್ತಾರೆ, ಕೂಸಿಗೂ ಕ್ಯಾನ್ಸರ್ ಹತ್ತಿರಬಹುದಾ ಅಂತ. ತಾಯಿಯ ಕ್ಯಾನ್ಸರ್ ಮಗುವಿಗೆ ದಾಟಿದ ಉದಾಹರಣೆ ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅಜ್ಜಿಗೆ ಈ ಮಗುವನ್ನು ಎತ್ತಿಕೊಳ್ಳಬೇಡ ಅಂತ ಹೇಳಿದವರು ಇದ್ದಾರೆ ಅಂತ ಬರೆಯಲು ನನಗೆ ನೋವಾಗುತ್ತದೆ.

ನಮ್ಮ ಹುಡುಗಿ ಮಾತಾಡಿದ್ದು ಸ್ವಲ್ಪ ತಡ. ಕಿವಿ ತೋರಿಸಿದೆವು, ಸರಿ ಇದೆ. ಎಕೋ ಮಾಡಿಸಿದೆವು, ಸರಿ ಇದೆ. ಈಗ ಅಂಗನವಾಡಿಯಲ್ಲಿ ಕಡಲೆ, ತೊಗರಿ, ಹೆಸರು ಬೆರೆಸಿ ಕೊಟ್ಟರೆ ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕುತ್ತಾಳೆ, ಹೆಸರು ತಪ್ಪದೆ ಹೇಳುತ್ತಾಳೆ. "ರ" ಮಾತ್ರ ಇನ್ನೂ "ಲ" ಆಗುತ್ತದೆ, ಹೆಸಲು ಅನ್ನುತ್ತಾಳೆ. ಒಂದನೇ ಕ್ಲಾಸಿಗೆ ಹಾಕುವ ಮೊದಲು ಮಾತು, ಕಿವಿ ಎರಡನ್ನೂ ಇನ್ನೊಮ್ಮೆ ತೋರಿಸಬೇಕು.

ಮುಂದಿನ ತಿಂಗಳು ತಂಗಿಯ ಆರು ತಿಂಗಳ ಚೆಕಪ್ ಇದೆ. ಇಬ್ಬರನ್ನೂ ಅದೇ ದಿನ ಕರೆದುಕೊಂಡು ಹೋಗುತ್ತೇವೆ, ಬೆಳಿಗ್ಗೆ ಆರರ ಬಸ್ಸಿಗೆ. ಈ ಸಲ ಎರಡು ಫೈಲನ್ನೂ ಒಂದೇ ಚೀಲದಲ್ಲಿ ಇಟ್ಟಿದ್ದಾಳೆ.